ಬೆನ್ನು ತೆರೆದ ಏಡಿ

ಗುರುವಾರ, ಮಧ್ಯಾಹ್ನ

ಪ್ರೀತಿಯ ಅಮ್ಮ,

ನಿನ್ನ ಪತ್ರ ಬಂತು. ಮೊದಲು ಓದಿದಾಗ ಸಿಟ್ಟು ಬಂತು, ಇನ್ನೊಮ್ಮೆ ಓದಿದಾಗ ನಗು ಬಂತು. ಭಾನುವಾರ ದೊಡ್ಡಮ್ಮ ನನ್ನನ್ನು ನೋಡಲು ಬರುತ್ತಾಳೆ, ಮುಖ ಬಾಡಿಸಿಕೊಂಡು ಸ್ವಲ್ಪ ಕೆಮ್ಮು ಅಂತ ಬರೆದಿದ್ದೀಯ. ನನಗೆ ಹುಷಾರಿಲ್ಲ, ಹವಾ ಬದಲಾಗಲಿ ಅಂತ ಇಲ್ಲಿಗೆ ಬಂದಿದ್ದೇನೆ, ಮುಂದಿನ ವರ್ಷ ಪರೀಕ್ಷೆಗೆ ಕೂರುತ್ತೇನೆ ಅಂತ ಅವಳಿಗೆ ಹೇಳಿಯೂ ಆಗಿದೆಯಂತೆ.

ಅಮ್ಮ, ನಾನು ಕೆಮ್ಮುವುದಿಲ್ಲ. ಗುಂಡುಕಲ್ಲಿನ ಹಾಗಿದ್ದೇನೆ. ಶಾಲೆ ಬಿಟ್ಟದ್ದು ಕಾಯಿಲೆ ಬಂದು ಅಲ್ಲ, ಆ ಬೆಂಚಿನಲ್ಲಿ ಕೂರಲಾಗದೆ. ಇದನ್ನು ದೊಡ್ಡಮ್ಮನಿಗೆ ಹೇಳುವುದರಲ್ಲಿ ನನಗೇನೂ ನಾಚಿಕೆಯಿಲ್ಲ. ನಿನಗಿದ್ದರೆ ಅದು ನಿನ್ನದು, ನನ್ನ ತಲೆಗೆ ಕಟ್ಟಬೇಡ.

ನಮ್ಮ ಒಪ್ಪಂದ ಮರೆತಿಲ್ಲ. ಬಸ್ಸು ಹೊರಡುವಾಗ ಕಿಟಕಿಯ ಸರಳು ಹಿಡಿದುಕೊಂಡು ನೀನು ಹೇಳಿದ್ದು ಇನ್ನೂ ಕಿವಿಯಲ್ಲಿದೆ: "ಅಲ್ಲಿಂದ ಓಡಿಸಿದ್ರೆ ತೆಪ್ಪಗೆ ವಾಪಸ್ ಬಂದು ಅದೇ ಬೆಂಚಲ್ಲಿ ಕೂತ್ಕೋಬೇಕು, ಗೊತ್ತಾಯ್ತಾ?" ನಾನು ಆಯ್ತು ಅಂದಿದ್ದೆ. ಕೆಲಸ ಹೇಗೆ ನಡೀತಿದೆ ಅಂತ ಕೇಳಿದ್ದೀಯ. ಅದನ್ನು ಕೊನೆಗೆ ಹೇಳುತ್ತೇನೆ. ಮುಚ್ಚಿಡುತ್ತಿಲ್ಲ, ಕ್ರಮವಾಗಿ ಹೇಳುತ್ತಿದ್ದೇನೆ ಅಷ್ಟೇ.

ಮ್ಯೂಸಿಯಂ ಎದುರಿನ ಕಲ್ಲುಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ನಮ್ಮ ಕೋಣೆ ನೆಲಮಾಳಿಗೆಯಲ್ಲಿದೆ. ಉದ್ದದ ಮೇಜು, ಕುತ್ತಿಗೆ ಬಾಗಿಸಿದ ದೀಪಗಳು, ಕಲ್ಲು ಅಲುಗದಂತೆ ಅದರ ಕೆಳಗಿಡಲು ಮರಳಿನ ಚೀಲಗಳು. ಹಲ್ಲಿನ ಡಾಕ್ಟರು ಬಳಸುವಂಥ ಸೂಜಿಯಿಂದ ಪಳೆಯುಳಿಕೆಯ ಮೇಲಿನ ಕಲ್ಲನ್ನು ಪುಡಿಪುಡಿಯಾಗಿ ಕೆರೆದು ತೆಗೆಯುವುದು ನನ್ನ ಕೆಲಸ. ಮೇಜಿನ ಕೆಳಗೆ ನನ್ನ ಕಾಲು ಈಗಲೂ ಕುಣಿಯುತ್ತದೆ. ಕೈ ಮಾತ್ರ ಅಲುಗುವುದಿಲ್ಲ. ಇದು ನನಗೇ ಗೊತ್ತಿರಲಿಲ್ಲ.

ಪಕ್ಕದ ಕುರ್ಚಿಯಲ್ಲಿ ಅಂಟಣ್ಣ. ಒಡೆದದ್ದನ್ನೆಲ್ಲ ಅಂಟಿಸುವವನು, ಅದಕ್ಕೇ ಆ ಹೆಸರು. ನಮ್ಮಿಬ್ಬರ ಮೇಲೆ ಏಡಿ ಮೇಡಂ. ಅವರು ಓದಿರುವುದೆಲ್ಲ ಒಂದೇ ಏಡಿ ಕುಟುಂಬದ ಬಗ್ಗೆ. ಗುಮ್ಮಟದಂಥ ಬೆನ್ನಚಿಪ್ಪು, ಅದರ ಎರಡೂ ಅಂಚು ಕಾಲುಗಳ ಮೇಲೆ ಸೂರಿನ ಹಾಗೆ ಚಾಚಿಕೊಂಡಿರುತ್ತದೆ. ಅಗಲವಾದ ಇಕ್ಕಳಗಳನ್ನು ಮುಖದ ಮುಂದೆ ಮಡಚಿ ಕೂತರೆ ಮುಚ್ಚಿದ ಡಬ್ಬಿಯೇ ಸೈ. "ನೋಡೇ, ನಿಮ್ಮಮ್ಮನ ಥರ, ನೆಂಟರು ಬಂದ್ರೆ ಮುಖ ಮುಚ್ಕೊಳತ್ತೆ," ಅಂದ ಅಂಟಣ್ಣ. (ನಿನ್ನ ಸುದ್ದಿ ಹೇಳಿದ್ದು ನಾನೇ.) ಮೇಡಂ ಬಿಡಲಿಲ್ಲ: "ನಾಚಿಕೆ ಅಲ್ಲಯ್ಯ ಅದು. ಮರಳಲ್ಲಿ ಹೂತ್ಕೊಂಡಾಗ ಉಸಿರಾಡೋಕೆ ದಾರಿ ಬೇಕಲ್ಲ, ಅದಕ್ಕೆ."

ಈ ಕುಟುಂಬದ ಬಲ ಇಕ್ಕಳದಲ್ಲಿ ಒಂದು ಬಾಗಿದ ಹಲ್ಲಿದೆ. ಶಂಖದ ಬಾಯಿಗೆ ಅದನ್ನು ಸಿಕ್ಕಿಸಿ ಅಂಚನ್ನು ಚೂರುಚೂರಾಗಿ ಮುರಿಯುತ್ತಾ ಹೋಗುತ್ತದೆ. ಎಡ ಇಕ್ಕಳ ಸಣ್ಣದು, ಒಳಗಿನ ಹುಳುವನ್ನು ಎಳೆದು ತೆಗೆಯಲು. ಹೆಚ್ಚಿನ ಶಂಖಗಳು ಬಲಕ್ಕೇ ಸುತ್ತಿಕೊಂಡಿರುವುದರಿಂದ ಇದು ನಡೆಯುತ್ತದೆ. ಎಡಕ್ಕೆ ಸುತ್ತಿದ್ದು ಸಿಕ್ಕಿದರೆ ಒದ್ದಾಟ. ನಿನ್ನ ಕತ್ತರಿಯನ್ನು ಎಡಗೈಲಿ ಹಿಡಿದು ಬಟ್ಟೆ ಕತ್ತರಿಸಲು ಹೋದರೆ ಹೇಗೋ ಹಾಗೆ. ಏಡಿ ಉಳಿಯದ ಕಡೆಯೂ ಹೀಗೆ ಬಾಯಿ ಮುರಿದ ಹಳೆಯ ಶಂಖಗಳು ಕಲ್ಲಿನಲ್ಲಿ ಸಿಗುತ್ತವೆ. ತಿಂದವರು ಹೋದರು, ಎಂಜಲು ಉಳಿಯಿತು.

ಒಂದು ಕಾಲಕ್ಕೆ ಚಂದ್ರ ಏಡಿ ಅನ್ನುವ ಇನ್ನೊಂದು ಬಗೆಯವೂ ಇದೇ ಕುಟುಂಬದಲ್ಲಿದ್ದವು. ಆಮೇಲೆ ಕಾಲು, ಇಕ್ಕಳ ಎಲ್ಲ ನೋಡಿ ಅವುಗಳಿಗೆ ಬೇರೆ ಮನೆ ಮಾಡಿಕೊಟ್ಟರು. ನಿನಗೆ ಸುಮ್ಮನೆ ಒಂದು ಮಾತು ಹೇಳುತ್ತಿದ್ದೇನೆ: ಹೋಲುವುದಿಲ್ಲ ಅಂತ ಗೊತ್ತಾದ ಮೇಲೆ ಬೇರೆ ಇಡುವುದರಲ್ಲಿ ಯಾರಿಗೂ ಅವಮಾನವಿಲ್ಲ.

ಡಬ್ಬಿಯಂಥ ಏಡಿಗಳ ಒಂಟಿ ಇಕ್ಕಳ ಕಲ್ಲಿನಲ್ಲಿ ಎಷ್ಟೋ ಸಿಗುತ್ತವೆ, ಇಡೀ ಮೈ ಸಿಗುವುದು ಅಪರೂಪ. ನನ್ನ ಸೂಜಿಗೆ ಇಡೀ ಮೈ ಸಿಕ್ಕಿತು. ಕೋಟಿಗಟ್ಟಲೆ ವರ್ಷ ಹಳೆಯದು. ಆದರೆ ಬೆನ್ನಚಿಪ್ಪು ಹಿಂದಿನಿಂದ ಎದ್ದು, ಸರಿಯಾಗಿ ಮುಚ್ಚದ ಪೆಟ್ಟಿಗೆಯ ಮುಚ್ಚಳದ ಹಾಗೆ ಓರೆಯಾಗಿತ್ತು. ನಾನೇ ಮುರಿದೆ ಅಂದುಕೊಂಡು ಬೆವರಿಬಿಟ್ಟೆ. ಮೇಡಂ ದೀಪ ಹತ್ತಿರ ತಂದು ನೋಡಿ, "ಅಯ್ಯೋ ಪೆದ್ದಿ, ಇದು ಸತ್ತ ಏಡಿ ಅಲ್ಲ, ಬಿಟ್ಟು ಹೋದ ಏಡಿ," ಅಂದರು.

ಮೈ ಬೆಳೆದಾಗ ಏಡಿಯ ಚಿಪ್ಪು ಬೆಳೆಯುವುದಿಲ್ಲವಂತೆ. ಹಿಂಭಾಗದಲ್ಲಿ ಸಂದು ಬಿಟ್ಟುಕೊಳ್ಳುತ್ತದೆ, ಏಡಿ ಹಿಮ್ಮುಖವಾಗಿ ಜಾರಿ ಆಚೆ ಬರುತ್ತದೆ. ಕಾಲು, ಇಕ್ಕಳ, ಕಣ್ಣಿನ ಹೊದಿಕೆ ಎಲ್ಲ ಇದ್ದಲ್ಲೇ ಬಿಟ್ಟು. ನನ್ನ ಕಲ್ಲಿನದು ಹೆಣ್ಣು, ಹೊಟ್ಟೆಯಡಿಯ ಮಡಿಕೆ ಅಗಲವಾಗಿದೆ. ಅಷ್ಟು ವರ್ಷದಿಂದ ಕಲ್ಲಿನಲ್ಲಿರುವುದು ಅವಳ ಖಾಲಿ ಅಂಗಿ. ಅವಳು ಎದ್ದು ಹೋದಳು! ಆ ದಿನ ನನಗಾದ ಖುಷಿ ಹತ್ತು ವರ್ಷದ ಶಾಲೆಯಲ್ಲಿ ಆಗಿರಲಿಲ್ಲ.

ಮೇಡಂ ಕಲ್ಲು ಅಗೆಯುವ ಕಡೆಗೆ ಹೋದರು, ಅಲ್ಲಿ ಫೋನು ಸಿಗುವುದಿಲ್ಲ. ಈ ವಾರ ಹೊಸ ಕೋಣೆಯ ಉದ್ಘಾಟನೆ. ಪ್ರದರ್ಶನ ನೋಡಿಕೊಳ್ಳುವ ಸಾಹೇಬರು ಬಂದು, ಎದ್ದಿರುವ ಚಿಪ್ಪನ್ನು ಒತ್ತಿ ಅಂಟಿಸಿಬಿಡು ಅಂದರು. ಅದು ಮುರಿದದ್ದಲ್ಲ ಸಾರ್, ಅಂದೆ. "ಗೊತ್ತಮ್ಮಾ, ನಿನಗಿಂತ ಮುಂಚೆ ಗೊತ್ತು. ನೋಡೋಕೆ ಬರೋರಿಗೆ ಗೊತ್ತಿಲ್ವಲ್ಲ. ಒಡೆದಿದ್ದು ಇಟ್ಟಿದಾರೆ ಅಂತಾರೆ."

ಅವರಿಗೆ ಗೊತ್ತಿತ್ತು, ಅಮ್ಮ. ನನಗೆ ಉರಿದದ್ದು ಅದಕ್ಕೇ. ಗೊತ್ತಿಲ್ಲದವರಿಗೆ ಹೇಳಬಹುದು. ಗೊತ್ತಿದ್ದೂ ತಿಪ್ಪೆ ಸಾರಿಸುವವರಿಗೆ ಏನು ಹೇಳುವುದು? ಹಾಗಾದರೆ ಒಂದು ಚೀಟಿ ಬರೆದು ಪಕ್ಕದಲ್ಲಿಡಿ, ನೋಡುವವರೂ ತಿಳಿದುಕೊಳ್ಳಲಿ ಅಂದೆ. "ಚೀಟಿ ಯಾರು ಓದ್ತಾರೆ? ಅಂಟಿಸು ಅಂದ್ರೆ ಅಂಟಿಸು." ಅಂಟಿಸಿದರೆ ಅವಳು ಒಳಗೇ ಸತ್ತ ಹಾಗಾಗುತ್ತದೆ, ನಾನು ಮಾಡುವುದಿಲ್ಲ ಅಂದೆ. ಕಡ್ಡಿ ಮುರಿದ ಹಾಗೆ. "ಯಾರಮ್ಮಾ ಸಾಯೋದು? ಕಲ್ಲು ಕಣಮ್ಮಾ ಅದು!" ಅಂತ ಕೂಗಿದರು. ಅಂಟಣ್ಣ ಅಂಟಿನ ಡಬ್ಬಿಯ ಮುಚ್ಚಳ ತಿರುಗಿಸುತ್ತಾ ತಲೆ ಎತ್ತಲೇ ಇಲ್ಲ.

ನಿನ್ನ ಪತ್ರವೂ ಅದೇ ದಿನ ಬಂತು. ಅದಕ್ಕೇ ನಗು ಬಂದದ್ದು. ನೀನೂ ನನ್ನ ಬೆನ್ನಿಗೆ ಅಂಟು ಹಚ್ಚಲು ಹೊರಟಿದ್ದೀಯ, ದೊಡ್ಡಮ್ಮನ ಕಣ್ಣಿಗೆ ಒಡೆದದ್ದು ಕಾಣದಿರಲಿ ಅಂತ. ನಿನ್ನ ಹೊಲಿಗೆ ಮೆಷಿನ್ನಿನ ಮುಂದೆ ಬೆಳೆದ ಮಕ್ಕಳನ್ನು ನಿಲ್ಲಿಸಿ, ಹಳೇ ಅಂಗಿ ಹಿಡಿಸೋ ಹಾಗೆ ಮಾಡಿಕೊಡಿ ಅನ್ನುವವರಿಗೆ ನೀನು ಏನನ್ನುತ್ತೀಯ? "ಬಟ್ಟೆ ಬಿಚ್ಚಬಹುದು ಕಣ್ರೀ, ಮಗೂನ ಮಡಚೋಕಾಗಲ್ಲ." ಅದು ನಿನ್ನದೇ ಮಾತು. ನಾನು ಕದ್ದಿಟ್ಟುಕೊಂಡಿದ್ದೇನೆ.

ಇನ್ನೊಂದನ್ನು ಬಿಟ್ಟರೆ ಸುಳ್ಳಾಗುತ್ತದೆ. ಚಿಪ್ಪು ಬಿಟ್ಟ ಏಡಿ ಕೆಲವು ದಿನ ಮೆತ್ತಗಿರುತ್ತದೆ. ಯಾರು ಬೇಕಾದರೂ ತಿನ್ನಬಹುದು. ನಾನೂ ಮೆತ್ತಗಿದ್ದೇನೆ. ಹೆದರಿಕೆ ಆಗುತ್ತದೆ. ಆದರೆ ಹೆದರಿದ ಏಡಿ ಮರಳಿಗೆ ಹೋಗುತ್ತದೆಯೇ ಹೊರತು ಬಿಟ್ಟ ಚಿಪ್ಪಿಗಲ್ಲ.

ಕೆಮ್ಮದೆ ಇರುವ,
ನಿನ್ನ ಪಾದರಸ

ತಾ.ಕ.: ಕೊನೆಗೆ ಹೇಳುತ್ತೇನೆ ಅಂದಿದ್ದೆ. ಬೆಳಿಗ್ಗೆ ಸಾಹೇಬರು ಕೋಣೆಯ ಬೀಗದ ಕೈ ವಾಪಸ್ ಇಸಿದುಕೊಂಡರು. ಆಡಿದ ಮಾತು ಆಡಿದ್ದೇ, ಶನಿವಾರ ಬರುತ್ತೇನೆ. ಅದೇ ಬೆಂಚಿನಲ್ಲಿ ಕೂರುತ್ತೇನೆ, ಹಿಡಿಸುವುದಿಲ್ಲ ಅನ್ನುವುದು ಶಾಲೆಯವರಿಗೇ ಕಾಣಲಿ. ದೊಡ್ಡಮ್ಮನಿಗೆ ಮನೆಗೇ ಬರಲು ಹೇಳು. ಯಾಕೆ ಬಿಟ್ಟೆ, ಯಾಕೆ ಓಡಿಸಿದರು, ಎಲ್ಲ ನಾನೇ ಹೇಳುತ್ತೇನೆ. ನೀನು ಪಕ್ಕದಲ್ಲಿ ಕೂತಿರು, ಸಾಕು.

ಚೀಲ ತರಲು ಕೆಳಗೆ ಹೋದಾಗ ಸಾಹೇಬರು ಅಂಟಣ್ಣನಿಗೆ ಗದರುತ್ತಿದ್ದರು, ಇನ್ನೂ ಯಾಕೆ ಅಂಟಿಸಿಲ್ಲ ಅಂತ. ಅವನು ಕೈ ಒರೆಸಿಕೊಳ್ಳುತ್ತಾ, "ಅಂಟು ಮುಗಿದುಹೋಗಿದೆ ಸಾರ್. ತರಿಸ್ಬೇಕು. ಮೇಡಂ ಬಂದು ಸಹಿ ಹಾಕ್ಬೇಕು," ಅಂದ. ಅವನ ಹಿಂದೆ ಕಪಾಟಿನಲ್ಲಿ ಮುಚ್ಚಳ ಕೂಡ ತೆಗೆಯದ ಅಂಟಿನ ಡಬ್ಬಿಗಳು ಸಾಲಾಗಿದ್ದವು. ಯಾರು ಸುಳ್ಳು ಹೇಳಿದರೂ ತಿದ್ದುವ ನಾನು, ಅಮ್ಮ, ಬಾಯಿ ಮುಚ್ಚಿಕೊಂಡು ಬಂದೆ.