ಮೊದಲನೆಯ ಸಹಿ

ಚಾಮರಾಜಪೇಟೆ, ಬೆಂಗಳೂರು
೧೮-೧-೧೯೯೨, ಶನಿವಾರ

ಮನೆಯ ಯಜಮಾನರಿಗೆ ಅಲಮೇಲು ಮಾಡುವ ನಮಸ್ಕಾರಗಳು.

ಕಣ್ಣು ಹೇಗಿದೆ? ಪಟ್ಟಿ ಬಿಚ್ಚಿದರು, ದಪ್ಪ ಕನ್ನಡಕ ಕೊಟ್ಟಿದ್ದಾರೆ ಎಂದು ಮಧುರಾ ಬರೆದಿದ್ದಳು. ಮಗಳ ಮನೆ ಎಂದು ಸಂಕೋಚಪಟ್ಟುಕೊಂಡು ಡ್ರಾಪ್ಸ್ ಹಾಕಿಸಿಕೊಳ್ಳದೆ ಇರಬೇಡಿ. ಬಗ್ಗಿ ನಮಸ್ಕಾರ ಮಾಡುವುದೂ ಸದ್ಯಕ್ಕೆ ಬೇಡ, ದೇವರು ಒಂದು ತಿಂಗಳು ಕಾಯುತ್ತಾನೆ. ಮೈಸೂರಿನ ಚಳಿಗೆ ಕಿವಿಗೆ ಮಫ್ಲರ್ ಕಟ್ಟಿಕೊಳ್ಳಿ, ಪೆಟ್ಟಿಗೆಯ ಅಡಿಯಲ್ಲಿ ಇಟ್ಟಿದ್ದೆ. ನೀವೇ ಓದಬಲ್ಲಿರಿ ಎಂದು ಗೊತ್ತಾದ ಮೇಲೆಯೇ ಈ ಕಾಗದ ಬರೆಯುತ್ತಿದ್ದೇನೆ. ಇದನ್ನು ಮಧುರಾ ಕೈಯಲ್ಲಿ ಓದಿಸಬೇಡಿ. ಫೋನ್ ಮಾಡೋಣವೆಂದರೆ ಅಳಿಯಂದಿರ ಮನೆಯ ಫೋನು ನಡುಮನೆಯಲ್ಲಿದೆ.

ಮುರುಗೇಶ ಮನೆ ಖಾಲಿ ಮಾಡಿದ. ನಮ್ಮ ರಸ್ತೆಯ ಕೊನೆಯ ಮನೆಯ ಮುರುಗೇಶನೇ. ಇಪ್ಪತ್ತು ವರ್ಷದ ಹಿಂದೆ ನೀವು ಜಗಲಿಯ ಮೇಲೆ ಕೂರಿಸಿಕೊಂಡು ಕನ್ನಡ ಅಕ್ಷರ ತಿದ್ದಿಸಿ, ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸುವ ಕೆಲಸಕ್ಕೆ ಸೇರಿಸಿದಿರಲ್ಲ, ಅವನು. ಕಾಟನ್‌ಪೇಟೆಯ ಪಂಚಾಕ್ಷರಯ್ಯನವರಿಗೆ ಹೇಳಿ ಆ ಮನೆಯನ್ನು ಬಾಡಿಗೆಗೆ ಕೊಡಿಸಿದವರೂ ನೀವೇ. ನಿಮಗೆ ಸಿಟ್ಟು ಬರುತ್ತದೆ ಎಂದು ಗೊತ್ತು. ಪೂರ್ತಿ ಓದಿ, ಆಮೇಲೆ ಸಿಟ್ಟು ಮಾಡಿಕೊಳ್ಳಿ.

ಕಾವೇರಿ ಗಲಾಟೆಯಾದಾಗ ನೀವು ಇಲ್ಲಿರಲಿಲ್ಲ. ಟೈರು ಸುಟ್ಟ ವಾಸನೆ ಎರಡು ದಿನ ಒಗೆದ ಬಟ್ಟೆಯಲ್ಲೇ ಇತ್ತು. ಅದೆಲ್ಲ ಪೇಪರು ಓದಿಸಿಕೊಂಡರೆ ತಿಳಿಯುವುದಿಲ್ಲ. ತಮಿಳರ ಮನೆ ಯಾವುದು ಎಂದು ಯಾರೋ ಹುಡುಗರು ಬೀದಿ ಬೀದಿಯಲ್ಲಿ ಕೇಳುತ್ತಿದ್ದರಂತೆ. ನಾವು ಅಯ್ಯಂಗಾರರು ತಲೆತಲಾಂತರದಿಂದ ಇಲ್ಲಿಯವರು, ನೀವು ಮೂವತ್ತನಾಲ್ಕು ವರ್ಷ ಕನ್ನಡ ಮೇಷ್ಟ್ರಾಗಿದ್ದವರು, ಎಲ್ಲ ಸರಿ. ಆದರೆ ಬೆಳಗಾಗೆದ್ದು ನಾನು ನಿಮ್ಮನ್ನು ಕಾಫಿಗೆ ಕರೆಯುವುದು ತಮಿಳಿನಲ್ಲೇ ಅಲ್ಲವೇ? ಈ ಧನುರ್ಮಾಸದಲ್ಲಿ ಕಿಟಕಿ ಮುಚ್ಚಿ, ತುಟಿ ಅಲ್ಲಾಡಿಸದೆ ಮನಸ್ಸಿನಲ್ಲೇ ತಮಿಳು ಪಾಸುರ ಹೇಳಿಕೊಂಡೆ. ಮದುವೆಯಾಗಿ ಬಂದ ಮೇಲೆ ಹೀಗಾದದ್ದು ಇದೇ ಮೊದಲು. ದಿನಾ ನಸುಕಿಗೆ ಹೂವಿನ ಮಾಲೆ ತಂದು ಬಾಗಿಲ ಬಳಿ ಕೂತು ಕೇಳುತ್ತಿದ್ದ ಮುರುಗೇಶನ ಹೆಂಡತಿ ವಳ್ಳಿಗೆ, ಈ ವರ್ಷ ಬರಬೇಡ ಎಂದೆ. ಅವಳು ಮಾಲೆಯನ್ನು ಗೇಟಿಗೆ ಸಿಕ್ಕಿಸಿ ಹೋಗುತ್ತಿದ್ದಳು.

ಗಲಾಟೆ ತಣ್ಣಗಾದ ಮೇಲೆ ಬ್ಯಾಂಕಿನ ವೆಂಕಟಾಚಲ ತಮ್ಮ ಮನೆಯಲ್ಲಿ ಎಲ್ಲರನ್ನೂ ಸೇರಿಸಿದರು. ಮುರುಗೇಶನನ್ನು ಖಾಲಿ ಮಾಡಿಸಿ ಎಂದು ಪಂಚಾಕ್ಷರಯ್ಯನವರಿಗೆ ಒಂದು ಅರ್ಜಿ, ಅದಕ್ಕೆ ಹನ್ನೊಂದು ಮನೆಯವರೂ ಸಹಿ ಹಾಕಬೇಕು. ರಸ್ತೆಯ ಕ್ಷೇಮಕ್ಕಾಗಿ ಎಂದು ಬರೆದಿದ್ದರು. ಮುರುಗೇಶ ಮಾಡಿದ್ದು ಇಂಥದ್ದು ಎಂದು ಒಂದು ಸಾಲೂ ಅದರಲ್ಲಿರಲಿಲ್ಲ, ಯಾರೂ ಕೇಳಲೂ ಇಲ್ಲ. ಮಾರನೆಯ ದಿನದಿಂದ ಒಬ್ಬೊಬ್ಬರೇ ನನ್ನ ಹತ್ತಿರ ಬಂದು ಗುಟ್ಟಾಗಿ ಹೇಳಿದ್ದು ಒಂದೇ ಮಾತು. ಎದುರುಮನೆ ಸುಬ್ಬಮ್ಮ, "ಪಾಪ, ನಂಗೇನೂ ಇಲ್ಲಪ್ಪ, ಒಳ್ಳೆ ಮನುಷ್ಯ. ಆದ್ರೆ ಮಿಕ್ಕೋರೆಲ್ಲ ಬೇಕು ಅಂತಿದಾರಲ್ಲ," ಎಂದರು. ವೆಂಕಟಾಚಲ ಸಹ, "ನಾನು ಬರ್ದಿದ್ದು ಅಷ್ಟೇ ಅಲಮೇಲಮ್ಮ, ಎಲ್ಲರ ಬಲವಂತ," ಎಂದರು. ಆ ಎಲ್ಲರೂ ಯಾರು ಎಂದು ಬೆರಳು ಮಡಿಸಿ ಎಣಿಸಿದೆ. ಹನ್ನೊಂದು ಮನೆಯಲ್ಲಿ ಒಬ್ಬರಿಗೂ ಅದು ಬೇಕಿರಲಿಲ್ಲ. ಅರ್ಜಿ ಒಂದು ವಾರ ಒಂದೂ ಸಹಿಯಿಲ್ಲದೆ ಮನೆಯಿಂದ ಮನೆಗೆ ಸುತ್ತಿತು. ಬಾಯಿಬಿಟ್ಟು ಒಂದು ಮಾತು ಹೇಳಿದ್ದರೆ ಅಲ್ಲಿಗೇ ನಿಂತುಹೋಗುತ್ತಿತ್ತು. ನಾನೇ ಹೇಳಬಹುದಿತ್ತು.

ಅರ್ಜಿ ನಮ್ಮ ಮನೆಗೆ ಬಂದ ದಿನ ಸುಬ್ಬಮ್ಮನೂ ಕೂತಿದ್ದರು. ಕಾಫಿ ಲೋಟ ಕೆಳಗಿಡುತ್ತಾ, "ಅವ್ರಿಗೂ ನಿಮ್ಗೂ ಮನೆ ಮಾತು ಒಂದೇ ಅಲ್ವಾ? ನಿಮ್ಗೆ ಕಷ್ಟಾನೇ ಬಿಡಿ," ಎಂದು ನಕ್ಕರು. ಅವರು ಬೇಕೆಂದೇ ಅಂದರೋ ಸುಮ್ಮನೆ ಅಂದರೋ, ಇವತ್ತಿಗೂ ನನಗೆ ಗೊತ್ತಿಲ್ಲ. ಯಜಮಾನರನ್ನು ಕೇಳದೆ ನಾನು ಏನೂ ಮಾಡುವುದಿಲ್ಲ, ಮೈಸೂರಿಗೆ ಕಳಿಸಿ ಸಹಿ ಹಾಕಿಸಿ ತರಿಸುತ್ತೇನೆ ಎಂದೆ. ಕಾಗದವನ್ನು ಅಕ್ಕಿ ಡಬ್ಬದ ಕೆಳಗೆ ನಾಲ್ಕು ದಿನ ಇಟ್ಟೆ. ಐದನೆಯ ದಿನ ನಿಮ್ಮ ಹಸಿರು ಇಂಕಿನ ಪೆನ್ನು ತೆಗೆದು, ನಿಮ್ಮ ಹಳೆಯ ಪಾಸ್‌ಬುಕ್ಕು ಪಕ್ಕದಲ್ಲಿಟ್ಟುಕೊಂಡು, ಎಲ್ಲಕ್ಕಿಂತ ಮೇಲೆ ನಿಮ್ಮ ಸಹಿ ಹಾಕಿದೆ. ಒಂದು ಕಣ್ಣು ಚೆನ್ನಾಗಿಯೇ ಇದೆಯಲ್ಲ, ಹಾಕಿ ಕಳಿಸಿದ್ದಾರೆ ಎಂದು ಹೇಳಿ ಅರ್ಜಿ ವಾಪಸು ಕೊಟ್ಟೆ. ಸಂಜೆಯೊಳಗೆ ಉಳಿದ ಹತ್ತೂ ಬಿದ್ದವು. "ಮೇಷ್ಟ್ರೇ ಹಾಕಿದಾರೆ ಅಂದ್ರೆ ಏನೋ ಇರ್ಬೇಕು," ಎಂದು ಸುಬ್ಬಮ್ಮನ ಮನೆಯವರು ನಿಂತ ಕಾಲಲ್ಲೇ ಗೀಚಿ ಕೊಟ್ಟರು. ಅಷ್ಟು ಮರ್ಯಾದೆ ನಿಮಗೆ ಈ ರಸ್ತೆಯಲ್ಲಿದೆ.

ಪಂಚಾಕ್ಷರಯ್ಯ ಭಾನುವಾರ ಬಂದು ರಸ್ತೆಯಲ್ಲೇ ನಿಂತು ಮುರುಗೇಶನಿಗೆ ವಿಷಯ ಹೇಳಿದರು. ಎಲ್ಲರೂ ಗೇಟಿನ ಹತ್ತಿರ ನಿಂತಿದ್ದೆವು. ಒಂದ್ಸಲ ನೋಡ್ತೀನಿ ಕೊಡಿ ಸ್ವಾಮಿ ಎಂದು ಅವನು ಅರ್ಜಿ ಕೇಳಿ ತೆಗೆದುಕೊಂಡ. ಕೆಳಗಿನಿಂದ ಮೇಲಕ್ಕೆ ಒಂದೊಂದೇ ಹೆಸರು ಓದಿದ. ನಿಮ್ಮ ಹೆಸರಿನ ಹತ್ತಿರ ಬಂದು ನಿಂತುಬಿಟ್ಟ. ಶಾಲೆಯ ಸಂಚಿಕೆಗೆ ನೀವು ಬರೆದ ಎಷ್ಟು ಹಾಳೆ ನೋಡಿಕೊಂಡು ಮೊಳೆ ಜೋಡಿಸಿದ್ದಾನೋ, ನಿಮ್ಮ ಕೈಬರಹ ನನಗಿಂತ ಅವನಿಗೇ ಚೆನ್ನಾಗಿ ಗೊತ್ತು. ತಲೆಯೆತ್ತಿ ನೇರ ನನ್ನನ್ನೇ ನೋಡಿದ. ನಿಮ್ಮಾಣೆ, ಆಗ ನಾನು ಬೇಡಿಕೊಂಡದ್ದು ಒಂದೇ. ಸಹಿಯ ಮಾತು ಎತ್ತಿದರೂ ಎತ್ತಲಿ, ಇಷ್ಟು ಜನದ ಮುಂದೆ ನನ್ನ ಹತ್ತಿರ ತಮಿಳಿನಲ್ಲಿ ಮಾತಾಡದೆ ಇರಲಿ. ಇಪ್ಪತ್ತು ವರ್ಷ ಅವನು ನನ್ನನ್ನು ತಮಿಳು ಬಿಟ್ಟು ಬೇರೆ ಭಾಷೆಯಲ್ಲಿ ಮಾತಾಡಿಸಿದವನಲ್ಲ. ಅವತ್ತು ಕನ್ನಡದಲ್ಲಿ ಹೇಳಿದ: "ಮೇಷ್ಟ್ರು ಹೇಳಿದ ಮೇಲೆ ಮುಗೀತಮ್ಮ. ಅವ್ರ ಕಣ್ಣು ಬೇಗ ಹುಷಾರಾಗ್ಲಿ." ಅವನಿಗೆ ಎಲ್ಲ ಗೊತ್ತಾಗಿತ್ತು. ಗೊತ್ತಿದ್ದೂ ನನ್ನನ್ನು ಕಾಪಾಡಿದ. ಅದಕ್ಕೇ ಅವನ ಮೇಲೆ ನನಗೆ ಇನ್ನೂ ಕೋಪ ಇದೆ, ಬೈದುಬಿಟ್ಟಿದ್ದರೆ ಇಷ್ಟು ಹೊತ್ತಿಗೆ ಮರೆತಿರುತ್ತಿದ್ದೆ.

ಮೂರನೆಯ ದಿನ ಒಂದು ಕೈಗಾಡಿಯಲ್ಲಿ ಸಾಮಾನು ಹೇರಿಕೊಂಡು ಹೊರಟರು. ಎಲ್ಲಿಗೆ ಎಂದು ಯಾರೂ ಕೇಳಲಿಲ್ಲ. ಅವತ್ತೂ ವಳ್ಳಿ ಗೇಟಿಗೆ ಹೂಮಾಲೆ ಸಿಕ್ಕಿಸಿದ್ದಳು. ಸುಬ್ಬಮ್ಮ ರಂಗೋಲಿ ಹಾಕುತ್ತಾ ನೋಡುತ್ತಿದ್ದರು. ಅವರಿಗೆ ಕಾಣುವ ಹಾಗೆ ಅದನ್ನು ಎರಡು ಬೆರಳಲ್ಲಿ ಎತ್ತಿ ಕಸದ ತೊಟ್ಟಿಗೆ ಹಾಕಿ ಬಂದೆ. ಗಾಡಿ ಇನ್ನೂ ತಿರುವು ದಾಟಿರಲಿಲ್ಲ, ವಳ್ಳಿ ತಿರುಗಿ ನೋಡಿದಳು. ಮೊನ್ನೆ ಸಂಕ್ರಾಂತಿಗೆ ಎಳ್ಳು ಬೀರುವಾಗ ರಸ್ತೆಯ ಹೆಂಗಸರೆಲ್ಲ ಮೊದಲು ನಮ್ಮ ಮನೆಗೇ ಬಂದರು. ಎಂದೂ ಹಾಗೆ ಬಂದವರಲ್ಲ. ನನಗೆ ಖುಷಿಯಾಯಿತು. ನಿಮ್ಮ ಹತ್ತಿರ ಸುಳ್ಳೇಕೆ ಹೇಳಲಿ, ತುಂಬ ಖುಷಿಯಾಯಿತು. ನೀವು ನನ್ನನ್ನು ಒಬ್ಬಳನ್ನೇ ಬಿಟ್ಟು ಹೋಗದಿದ್ದರೆ ಇದು ಯಾವುದೂ ಆಗುತ್ತಿರಲಿಲ್ಲ, ಅದನ್ನೂ ಒಂದಿಷ್ಟು ಯೋಚನೆ ಮಾಡಿ.

ಮಧುರಾಗೂ ಅಳಿಯಂದಿರಿಗೂ ನನ್ನ ಆಶೀರ್ವಾದ. ಮೊಮ್ಮಗ ಅಭಿರಾಮನಿಗೆ ಸಕ್ಕರೆ ಅಚ್ಚು ಎತ್ತಿಟ್ಟಿದ್ದೇನೆ, ಬರುವಾಗ ಅವನನ್ನೂ ಕರೆದುಕೊಂಡು ಬನ್ನಿ. ನಿಮ್ಮ ದಾರಿ ನೋಡುತ್ತಿರುವ,

ಅಲಮೇಲು

ಮರೆತಿದ್ದೆ: ವೆಂಕಟಾಚಲ ಈಗ ಮೂಲೆಯ ಇಸ್ತ್ರಿ ಗಾಡಿಯವನ ಮೇಲೆ ಇನ್ನೊಂದು ಅರ್ಜಿ ಬರೆದಿದ್ದಾರೆ. ಅವನೂ ಆ ತಮಿಳರ ಪೈಕಿಯೇ. ಮೊದಲನೆಯ ಸಹಿ ಮೇಷ್ಟ್ರದ್ದೇ ಆಗಬೇಕು, ಅವರು ಬರಲಿ ಎಂದು ಕಾಯುತ್ತಿದ್ದಾರೆ. ಎರಡು ಅರ್ಜಿ ಪಕ್ಕಪಕ್ಕ ಇಟ್ಟು ನೋಡಿದರೆ ನನ್ನ ಗತಿ ಏನು? ನಾನು ಹಾಕಿದ್ದು ನಿಮ್ಮ ಹಾಗೇ ಇಲ್ಲ, ರಾ ಕೆಳಗೆ ಇಳಿದಿದೆ, ಕೊನೆಯ ಗೆರೆ ಚಿಕ್ಕದು. ಈ ಕೆಳಗೆ ಇನ್ನೊಂದು ಸಲ ಹಾಕಿ ತೋರಿಸಿದ್ದೇನೆ. ಕಣ್ಣಿಗೆ ಆಯಾಸ ಮಾಡಿಕೊಳ್ಳದೆ, ದಿನಕ್ಕೆ ನಾಲ್ಕೈದು ಸಲ ಇದನ್ನೇ ತಿದ್ದಿ ಅಭ್ಯಾಸ ಮಾಡಿಕೊಂಡು ಬನ್ನಿ.

ಎಂ. ರಾಮಸ್ವಾಮಿ