ಹಳದಿ ಸ್ಪಂಜಿನ ಮೇಲಿನ ಹುಳು

ಮುರ್ಡೇಶ್ವರ ಮೇಲೂರು,
ಇಸವಿ ಎರಡು ಸಾವಿರದ ನೂರ ಎಂಬತ್ತಾರು, ಎರಡನೇ ಮಳೆಗಾಲ ಮುಗಿದ ಹನ್ನೊಂದನೆಯ ದಿನ.

ಭಾರ್ಗವಿ ಅಜ್ಜಿಯವರಿಗೆ, ನಿಮ್ಮ ಮರಿಮಗಳ ಮಗಳು ಕುಸುಮಾವತಿ ಮೊಗೇರ ಬರೆಯುವುದು.

ತಾರೀಖು ನೋಡಿ ಬೆಚ್ಚಬೇಡಿ. ನಮಗೆ ವರ್ಷಕ್ಕೆ ಎರಡು ಮಳೆಗಾಲ. ನನ್ನ ಕೆಲವು ಮಾತುಗಳು ನಿಮ್ಮ ಕಾಲದಲ್ಲಿ ಇನ್ನೂ ಹುಟ್ಟಿಲ್ಲ, ಅದಕ್ಕೆ ಕ್ಷಮೆಯಿರಲಿ. ಈ ಕಾಗದ ತಲುಪುವಾಗ ನಿಮಗೆ ಇಪ್ಪತ್ತಾರು, ನನಗೆ ಎಪ್ಪತ್ತೆಂಟು. ಸಂಬಂಧದಲ್ಲಿ ಹಿರಿಯರಾದ್ದರಿಂದ ನೀವು ಎನ್ನುತ್ತೇನೆ. ನಾನು ಗದರಿಸುವಾಗ ಮಾತ್ರ ನನ್ನ ವಯಸ್ಸು ನೆನಪಿರಲಿ.

ನೀವು ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೇತ್ರಾಣಿ ದ್ವೀಪದ ಬುಡದಲ್ಲಿ ಮುಳುಗಿ ಪಟ ತೆಗೆಯುತ್ತಿದ್ದಿರಿ ಎಂಬುದು ನಮ್ಮ ಮನೆಯ ಹೆಮ್ಮೆ. ನಮ್ಮ ನೀರಿನಲ್ಲಿ ಈಗ ಶಾರ್ಕ್ ಇಲ್ಲ. ನನ್ನ ತಾಯಿಯೂ ಕಂಡಿರಲಿಲ್ಲ. ಸಣ್ಣ ಜೀವಗಳಲ್ಲಿ ಕೆಲವನ್ನು ಮಾತ್ರ ಮರಿಮನೆಯಲ್ಲಿ ಉಳಿಸಿದ್ದೇವೆ. ಮರಿಮನೆ ಎಂದರೆ ದಡದಲ್ಲಿ ಸಾಲಾಗಿ ಗಾಜಿನ ತೊಟ್ಟಿಗಳಿರುವ ಉದ್ದನೆಯ ಕಟ್ಟಡ. ಊರಿನ ಹೆಂಗಸರು ಬೆಳಿಗ್ಗೆ ಸರದಿಯಲ್ಲಿ ಹೋಗಿ ನೀರಿನ ಉಪ್ಪು ನೋಡುತ್ತಾರೆ, ಮರಿಗಳಿಗೆ ಹಿಟ್ಟಿನಂಥ ಆಹಾರ ಉದುರಿಸುತ್ತಾರೆ, ಸತ್ತವನ್ನು ಚಮಚದಲ್ಲಿ ತೆಗೆಯುತ್ತಾರೆ. ಮರಿ ಬಲಿತ ಮೇಲೆ ಕಡಲಿಗೆ ಬಿಡುವುದಕ್ಕೆ ಮರಳಿಕೆ ಎನ್ನುತ್ತೇವೆ. ಎಲ್ಲಿ ಬಿಡಬೇಕೆಂದು ತೀರ್ಮಾನಿಸುವುದು ಸಾಕ್ಷಿಪಟ, ಅಂದರೆ ಆ ಜೀವ ಹಿಂದೆ ಎಲ್ಲಿತ್ತೆಂದು ತೋರಿಸುವ ನಿಮ್ಮ ಕಾಲದ ಪಟ. ಪಟ ಯಾವ ಮನೆಯದೋ ಆ ಮನೆಯ ಹಿರಿಯ ಹೆಂಗಸು ಸಭೆಯಲ್ಲಿ ಎದ್ದು ನಿಂತು ಜಾಗ ಹೇಳಬೇಕು. ಅವಳು ಹೇಳಿದ ಮೇಲೆ ಎದುರು ಮಾತಿಲ್ಲ.

ನಮ್ಮ ಮನೆಯ ಪಟ ನೀವು ತೆಗೆದದ್ದೇ. ಅದರಲ್ಲಿರುವುದು ನೀವು ನುಡಿಬ್ರಾಂಕ್ ಎನ್ನುವ, ಚಿಪ್ಪಿಲ್ಲದ ಕಡಲ ಬಸವನಹುಳು. ಉಗುರಿನಷ್ಟು ಉದ್ದ, ನೇರಳೆ ಮೈ, ಕೇಸರಿ ಅಂಚು. ಬಂಡೆಗೆ ಅಂಟಿ ಬದುಕುವ, ಅರಿಸಿನದಂಥ ಹಳದಿ ಸ್ಪಂಜಿನ ಮೇಲೆ ಅದು ತಲೆಯೆತ್ತಿ ಕೂತಿದೆ. ಆ ಬಣ್ಣಕ್ಕೆ ಈ ಬಣ್ಣ, ಮದುವೆ ಸೀರೆಯ ಹಾಗೆ. ಚಿಕ್ಕವಳಿದ್ದಾಗ ನಾನು ಅದರ ಮುಂದೆ ನಿಂತು ಊಟ ಮರೆಯುತ್ತಿದ್ದೆ.

ನನ್ನ ಮೊಮ್ಮಗಳು ಸುರಗಿ ಕಡಲಿನ ವಿಷಯ ಓದಿದವಳು. ನಾನು ಹೈಸ್ಕೂಲು ಮುಗಿಸಿದವಳು. ಕೊನೆಗೆ ಉಳಿದಿದ್ದ ಮೊಟ್ಟೆಗಳಿಂದ ಅವಳು ಆರು ವರ್ಷ ಹೆಣಗಿ ಮೂವತ್ತೆರಡು ಹುಳುಗಳನ್ನು ಎಬ್ಬಿಸಿದಳು. ಆಹಾರದ ಹಿಟ್ಟು ತಿಂದು ಬೆಳೆದ ಅವು ಕಡಲಿನಲ್ಲಿ ತಿನ್ನುವುದು ಏನೆಂದು ಯಾರಿಗೂ ಗೊತ್ತಿರಲಿಲ್ಲ. ಸಭೆಯಲ್ಲಿ ನಾನು ಎದ್ದು ಹಳದಿ ಸ್ಪಂಜು ಎಂದೆ. ಅವಳೂ ಎದ್ದಳು. "ಅಜ್ಜೀ, ಒಂದ್ ಪಟ ಕಂಡ್ರೆ ಸಾಕಾ? ಅದ್ ತಿಂಬುದ್ ಎಂತ ಅಂದ್ ಪಟ ಹೇಳತ್ತಾ? ನಾಕೈದ್ ಬಿಟ್ ಕಾಂಬ ಮೊದ್ಲ್" ಎಂದಳು. ಸಭೆ ನನ್ನ ಮುಖ ನೋಡಿತು. "ನಮ್ಮನೆ ಪಟ ಸುಳ್ಳ್ ಹೇಳುದಿಲ್ಲ, ಕೂಕೋ ಹೆಣೆ" ಎಂದೆ. ಅವಳು ಕೂತಳು.

ಮೂವತ್ತೆರಡನ್ನೂ ಬಿಟ್ಟೆವು. ಸುರಗಿ ದಿನವೂ ಮುಳುಗಿ ನೋಡಿದಳು. ಹುಳುಗಳು ಹಳದಿ ಸ್ಪಂಜಿನ ಮೇಲೆ ಸುತ್ತಿದವು, ಬಾಯಿ ಹಾಕಲಿಲ್ಲ. ಐದನೆಯ ದಿನಕ್ಕೆ ಕುಗ್ಗಿ ಅಕ್ಕಿಕಾಳಿನಷ್ಟಾದವು. ಮರಳಿ ತರಲು ಹೋದರೆ ಬೆರಳು ತಾಗಿದಲ್ಲೇ ಕರಗಿದವಂತೆ. ಒಂಬತ್ತನೆಯ ದಿನ ಒಂದೂ ಉಳಿಯಲಿಲ್ಲ. ಮರಿಮನೆಯಲ್ಲಿ ಇನ್ನು ಮೊಟ್ಟೆಯೂ ಇಲ್ಲ.

ಆಮೇಲೆ ಸುರಗಿ ಭಟ್ಕಳದ ಒಂದು ಮನೆಯಿಂದ ಶಾರ್ಕಿನ ಪಟ ತಂದಳು. ನಮ್ಮ ಪಟ ತೆಗೆದ ದಿನವೇ ನಿಮ್ಮ ಜೊತೆ ಮುಳುಗಿದವರು ತೆಗೆದದ್ದು. ರೆಕ್ಕೆಯ ತುದಿ ಕಪ್ಪಾದ ಶಾರ್ಕು ಪಟ ತುಂಬ ಈಜುತ್ತಿದೆ. ಅದರ ಹಿಂದೆ ಏನಿದೆಯೆಂದು ನೂರೈವತ್ತು ವರ್ಷದಲ್ಲಿ ಯಾರೂ ನೋಡಿರಲಿಲ್ಲ. ಸುರಗಿ ಬೆರಳಿಟ್ಟು ತೋರಿಸಿದಳು. ನೀವಿದ್ದೀರಿ. ಕೈಯಲ್ಲಿ ಮುಳುಗುವವರು ಹಿಡಿಯುವ ಕಬ್ಬಿಣದ ಕಡ್ಡಿ. ಬಂಡೆಯ ಅಡಿಯ ಕೊಳಕು ಬೂದು ಸ್ಪಂಜಿನಿಂದ ಆ ನೇರಳೆ ಹುಳುವನ್ನು ಕಡ್ಡಿಯ ತುದಿಯಲ್ಲಿ ಎತ್ತುತ್ತಿದ್ದೀರಿ. ಬೂದು ಸ್ಪಂಜಿನಲ್ಲಿ ಅದು ಕೆರೆದು ತಿಂದ ಗುರುತೂ ಕಾಣುತ್ತದೆ. ಹಳದಿ ಸ್ಪಂಜು ಅಲ್ಲಿಂದ ಎರಡು ಮಾರು ದೂರ.

ಪಟ ಚಂದ ಬರಲಿ ಎಂದು ಅದನ್ನು ಹಳದಿ ಸ್ಪಂಜಿನ ಮೇಲೆ ಇಟ್ಟಿರಿ. ಆ ಕಾಲದಲ್ಲಿ ಎಷ್ಟೋ ಮಂದಿ ಹಾಗೆ ಮಾಡುತ್ತಿದ್ದರಂತೆ. ನಾನು ನಿಮ್ಮನ್ನು ಮಾತ್ರ ದೂರಿ ಕೈ ತೊಳೆದುಕೊಳ್ಳುವುದಿಲ್ಲ. ಹುಡುಗಿ ಕೇಳಿದ ಪ್ರಶ್ನೆ ಸರಿಯಿತ್ತು. ಅವಳನ್ನು ಕೂರಿಸಿದ್ದು ನೀವಲ್ಲ.

ಈಗ ಅವಳು ಬಡಿಸಿದರೆ ಉಣ್ಣುತ್ತಾಳೆ, ಕೇಳಿದರೆ ಉತ್ತರಿಸುತ್ತಾಳೆ. ಮರಿಮನೆಗೆ ಮಾತ್ರ ಕಾಲಿಡುವುದಿಲ್ಲ. ಅವಳ ತೊಟ್ಟಿಯನ್ನು ನಾನೇ ತೊಳೆದು ಬೋರಲು ಹಾಕಿದೆ.

ನಿಮ್ಮ ಪಟದ ಮೇಲಿನ ತಾರೀಖು ನಿಮ್ಮ ಇಪ್ಪತ್ತಾರನೆಯ ವಯಸ್ಸಿನ ಡಿಸೆಂಬರಿನದು. ಈ ಕಾಗದ ಅದಕ್ಕೆ ಮೊದಲು ಸಿಕ್ಕಿದರೆ ಆ ಹುಳುವನ್ನು ಮುಟ್ಟಬೇಡಿ. ಬೂದು ಸ್ಪಂಜಿನ ಮೇಲೆ ಇದ್ದ ಹಾಗೇ ಪಟ ತೆಗೆಯಿರಿ. ಮಂಕಾಗಿ ಬರುತ್ತದೆ, ಬರಲಿ. ಆಸೆ ತಡೆಯದೆ ಸರಿಸಿದರೆ, ಪಟದ ಕೆಳಗೆ 'ಇದನ್ನು ನಾನು ಸರಿಸಿದ್ದು, ಇದ್ದದ್ದು ಬೂದು ಸ್ಪಂಜಿನಲ್ಲಿ' ಎಂದು ನಿಮ್ಮ ಕೈಯಾರೆ ಬರೆಯಿರಿ. ಸುರಗಿ ಅದನ್ನು ಓದುತ್ತಾಳೆ. ಸಭೆಯಲ್ಲಿ ನಾನು ಕೂರು ಎಂದರೂ ಕೂರದೆ, ಊರೆಲ್ಲ ನೋಡುವಂತೆ ಆ ಸಾಲನ್ನು ನನ್ನ ಮುಖಕ್ಕೆ ಹಿಡಿಯುತ್ತಾಳೆ. ಈ ಮನೆಯಲ್ಲಿ ಇದುವರೆಗೆ ನನ್ನ ಮಾತನ್ನು ಯಾರೂ ಮುರಿದಿಲ್ಲ. ಅವಳು ಮುರಿಯಲಿ.

ಇತಿ,
ಕುಸುಮಾವತಿ