ಹುಳ ತಿನ್ನುವ ಗಿಡಕ್ಕೆ ತೀರ್ಥ

ವಿದ್ಯಾನಗರ, ಶಿವಮೊಗ್ಗ
೧೨ ಜೂನ್ ೨೦೨೪

ಮುದ್ದಿನ ರಕ್ಷಾ,

ಧಾರವಾಡದ ಹಾಸ್ಟೆಲ್ ಊಟಕ್ಕೆ ನಿನ್ನ ಹೊಟ್ಟೆ ಒಗ್ಗಿತೇ? ಕೆಮ್ಮು ಹೋಯಿತೇ? ನನ್ನ ಮಂಡಿನೋವು ಎಷ್ಟು ಬೈದರೂ ಹೋಗುತ್ತಿಲ್ಲ, ಅದೂ ನಿನ್ನ ಹಾಗೇ ಹಟಮಾರಿ. ಫೋನಿನಲ್ಲಿ ಹೇಳಿದರೆ ಅರ್ಧಕ್ಕೇ ಅಳುತ್ತೀಯೆಂದು ಬರೆಯುತ್ತಿದ್ದೇನೆ. ಗಾಬರಿಯಾಗಬೇಡ, ನಿನ್ನ ಹಳದಿ ಹೂಜಿಗಿಡ ಬದುಕಿದೆ.

ಎಂಟು ಸಸಿಯಲ್ಲಿ ಉಳಿದದ್ದು ಇದೊಂದೇ, ಹೂಜಿಯ ಗಂಟಲಲ್ಲಿ ಕೆಂಪು ಗೆರೆಯೇ ಇಲ್ಲದ ಈ ಬಗೆ ಅಮೆರಿಕದ ಯಾವುದೋ ಒಂದೇ ಜೌಗಿನಲ್ಲಿ ಬೆಳೆಯುವುದು ಎಂದು ನೀನು ಹತ್ತು ಸಲ ಹೇಳಿ ಹೋಗಿದ್ದೆ. ಹುಳ ತಿನ್ನುತ್ತದೆ ಎಂದು ಮಾತ್ರ ಒಂದು ಸಲವೂ ಹೇಳಲಿಲ್ಲ, ಕಳ್ಳಿ! ಒಳ್ಳೆಯ ಬಿಸಿಲು ಬೀಳುತ್ತದೆಂದು ದೇವರಮನೆ ಕಿಟಕಿಯಲ್ಲಿಟ್ಟಿದ್ದೆ. ಮೂರನೇ ದಿನ ನೋಡಿದರೆ ಹೂಜಿಯಂಥ ಎಲೆಯೊಳಗೆ ನೊಣ. ಅದರ ಕೆಳಗೆ ಇನ್ನೂ ನಾಲ್ಕು! ಮೊಟ್ಟೆಯೂ ಒಳಗೆ ಬರದ ಮನೆ ನಮ್ಮದು. ಬಿಸಾಡೋಣವೆಂದರೆ ನಿನ್ನ ಮುಖ ನೆನಪಾಯಿತು. ಸಂಸ್ಕಾರ ಕೊಟ್ಟರೆ ತಿದ್ದಿಕೊಂಡೀತೆಂದು ಪಾಟಿಗೆ ವಿಭೂತಿ ಬಳಿದು, ದಿನಾ ಪೂಜೆಯಾದ ಮೇಲೆ ಲಿಂಗದ ತೀರ್ಥ ಹಾಕಿದೆ. ನೊಣ ಬೀಳದಂತೆ ಬಾಯಿಗೆ ಮಡಿಬಟ್ಟೆಯ ಚೂರನ್ನೂ ಕಟ್ಟಿದೆ. ಹದಿನೈದು ದಿನಕ್ಕೆ ತುದಿಯೆಲ್ಲ ಕಂದಿಹೋಯಿತು, ಮಾರಾಯ್ತಿ. ನನಗೆ ಅನ್ನ ಸೇರಲಿಲ್ಲ.

ಅಷ್ಟರಲ್ಲಿ, ಮದುವೆಯಾದರೆ ಅವನನ್ನೇ ಎಂದು ನೀನು ಹಟ ಹಿಡಿದಿದ್ದೀಯಲ್ಲ, ಆ ಭದ್ರಾವತಿಯ ಬ್ಯಾಟರಿ ಅಂಗಡಿ ಆನಂದ್ ಬಂದ. ನೀನೇ ಹೇಳಿ ಕಳಿಸಿದ್ದೆಯಂತೆ, ಬ್ಯಾಟರಿಗೆ ಹಾಕುವ ನೀರಿನ ಕ್ಯಾನು ಹಿಡಿದು ಗೇಟಿನ ಆಚೆಯೇ ನಿಂತಿದ್ದ. ದೀಪಾವಳಿಯಲ್ಲಿ ನಾನು "ಮಾಂಸ ತಿನ್ನೋರು ನನ್ನ ಹೊಸ್ತಿಲು ದಾಟೋದು ಬೇಡ" ಎಂದದ್ದನ್ನು ಮರೆತಿರಲಿಲ್ಲ. ಗಿಡವನ್ನು ಗೇಟಿಗೇ ಒಯ್ದು ತೋರಿಸಿದೆ. "ಅಜ್ಜಿ, ನಲ್ಲಿ ನೀರಿನ ಉಪ್ಪು ಇದಕ್ಕೆ ಆಗಲ್ಲ. ತೀರ್ಥ ಆದ್ರೂ ನಲ್ಲೀದೇ ಅಲ್ವಾ?" ಎಂದ. ನಗಲಿಲ್ಲ, ಪುಣ್ಯಾತ್ಮ. ಅಲ್ಲೇ ಕುಕ್ಕರಗಾಲಿನಲ್ಲಿ ಕೂತು ಹೂಜಿಯ ಬಾಯಿಗೆ ನಾನು ಕಟ್ಟಿದ್ದ ಬಟ್ಟೆ ಬಿಚ್ಚಿ, ಪಾಟಿನ ಮಣ್ಣಿನಿಂದ ಉಪ್ಪು ಹೋಗುವ ತನಕ ಕ್ಯಾನಿನ ಉಪ್ಪಿಲ್ಲದ ನೀರು ಹಾಯಿಸಿದ. ಆಮೇಲೆ ಭಾನುವಾರ ತಪ್ಪಿಸಲಿಲ್ಲ. ಈಗ ಎರಡು ಹೊಸ ಹೂಜಿ ಎದ್ದಿವೆ, ಒಳ್ಳೆ ಬೆಣ್ಣೆಯ ಬಣ್ಣ. ಬೆಳಿಗ್ಗೆ ನಾನೇ ಕಿಟಕಿ ತೆರೆದಿಡುತ್ತೇನೆ. ಮುಂದಿನದು ಗಿಡಕ್ಕೂ ನೊಣಕ್ಕೂ ಬಿಟ್ಟದ್ದು.

ಹೊತ್ತಿಗೆ ಸರಿಯಾಗಿ ಉಣ್ಣು. ಬಸವಣ್ಣ ನಿನ್ನನ್ನು ಕಾಯಲಿ.

ನಿನ್ನ ಅಜ್ಜಿ,
ಬಸವರಾಜೇಶ್ವರಿ

ತಾ.ಕ.: ಲಕೋಟೆ ಅಂಟಿಸುವ ಮೊದಲು ಇನ್ನೊಂದು ಮಾತು. ಮೊನ್ನೆ ಭಾನುವಾರ ಜೋರು ಮಳೆ, ಆನಂದ್ ಗೇಟಿನಲ್ಲೇ ನೆನೆಯುತ್ತಿದ್ದ. ಹುಳ ತಿನ್ನುವ ಗಿಡವನ್ನು ದೇವರಮನೆಯಲ್ಲಿ ಇಟ್ಟುಕೊಂಡವಳು ಕೋಳಿ ತಿನ್ನುವ ಹುಡುಗನನ್ನು ಎಷ್ಟು ಹೊತ್ತು ಹೊರಗೆ ನಿಲ್ಲಿಸಲಿ? ಒಳಗೆ ಕರೆದು ರೊಟ್ಟಿ ಬಡಿಸಿದೆ, ಆರು ತಿಂದ. ಬರುವ ಭಾನುವಾರ ಅವನ ತಾಯಿ ಉಚ್ಚಂಗಮ್ಮನವರನ್ನೂ ಕರೆತರಲು ಹೇಳಿದ್ದೇನೆ. ಶನಿವಾರದ ಬಸ್ಸಿಗೇ ಹೊರಟು ಬಾ. ಮದುವೆ ಮಾತನ್ನು ನಾನೊಬ್ಬಳೇ ಹೇಗೆ ಆಡಲಿ?